ಒಂದೇ ಕಾಯಿಲೆ, ಎರಡು ಒಲೆ

ಲಿವರ್ ಕೆಟ್ಟಿದೆ ಅಂದ ಕೂಡಲೇ ಜನ ನಮ್ಮ ಬಾಯಿಯ ಹತ್ತಿರ ಮೂಗು ತರುತ್ತಾರೆ, ವಾಸನೆ ಬರುತ್ತದೋ ಏನೋ ಅಂತ. ನನಗೂ ಹಾಗೇ ಆಯಿತು. ಆಸ್ಪತ್ರೆಯ ಎಮರ್ಜೆನ್ಸಿಯಲ್ಲಿ ಮಲಗಿಸಿದ್ದಾಗ ಆಗಷ್ಟೇ ಓದು ಮುಗಿಸಿದಂತಿದ್ದ ಡಾಕ್ಟರೊಬ್ಬರು ಕೇಳಿದರು, "ಎಷ್ಟು ವರ್ಷದಿಂದ ಡ್ರಿಂಕ್ಸ್ ತಗೋತೀರಾ ಆಂಟಿ?" ಮೂಗಿನಲ್ಲಿ ನಳಿಕೆ ಇತ್ತು, ಮಾತಾಡಲು ಆಗುತ್ತಿರಲಿಲ್ಲ. ಇಲ್ಲದಿದ್ದರೆ ಹೇಳುತ್ತಿದ್ದೆ, ನಾನು ಕುಡಿಯುವುದು ಕಾಫಿ, ಅದೂ ಬೈ-ಟೂ ಅಂತ. ಪಕ್ಕದಲ್ಲಿ ನಿಂತಿದ್ದ ನಮ್ಮತ್ತೆ ನನ್ನ ಪರವಾಗಿ ಉತ್ತರ ಕೊಟ್ಟರು: "ನಮ್ಮನೇಲಿ ಗಂಡಸ್ರೇ ಕುಡಿಯಲ್ಲ, ಇವಳು ಕುಡೀತಾಳಾ? ನೀನು ಓದಿದ್ದು ಯಾವ ಸ್ಕೂಲಲ್ಲಪ್ಪಾ?" ಅವರು ಪಾಪ, ಪೆನ್ನಿಗೆ ಮುಚ್ಚಳ ಹಾಕಿಕೊಂಡು ಆಚೆ ಹೋದರು.

ನಾನು ನಾಗರತ್ನ. ಬನಶಂಕರಿಯಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಅಂಗಡಿ ಇಟ್ಟಿದ್ದೇನೆ. ಮನೆ ಸುಬ್ರಹ್ಮಣ್ಯಪುರದಲ್ಲಿ. ಮಾವನ ಕಾಲದಲ್ಲಿ ಅಲ್ಲಿ ರಾಗಿ ಬೆಳೆಯುತ್ತಿದ್ದರಂತೆ. ಈಗ ಅದೇ ಜಾಗದಲ್ಲಿ ಬಾಡಿಗೆಯವರು ಬೈಕು ನಿಲ್ಲಿಸುತ್ತಾರೆ. ಕೆಳಗಿನ ಮನೆಯಲ್ಲಿ ನಾವೆಲ್ಲ ಒಟ್ಟಿಗೇ ಇದ್ದೇವೆ: ಅತ್ತೆ, ನಾನು, ನಮ್ಮವರು, ಮೈದುನ, ಅವನ ಹೆಂಡತಿ ಪವಿತ್ರ, ಅವರ ಮಗಳು ಹರ್ಷಿತಾ. ನನಗೆ ಮಕ್ಕಳಿಲ್ಲ. ಹರ್ಷಿತಾ ನನ್ನನ್ನು ದೊಡ್ಡಮ್ಮ ಅನ್ನುತ್ತಾಳೆ. ಕೇಳಿದ್ದು ಕೊಡಿಸದಿದ್ದಾಗ ಮಾತ್ರ ರತ್ನಮ್ಮ ಅನ್ನುತ್ತಾಳೆ.

ನನ್ನ ಕಾಯಿಲೆ ಹೊರಬಿದ್ದದ್ದು ವರಮಹಾಲಕ್ಷ್ಮಿ ಹಬ್ಬದ ಮುಂಚಿನ ವಾರ. ಆ ವಾರ ನಮ್ಮ ಕಸುಬಿನವರಿಗೆ ಉಸಿರಾಡಲೂ ಪುರುಸೊತ್ತು ಇರುವುದಿಲ್ಲ. ಜಯನಗರದ ಆಂಟಿಯರೆಲ್ಲ ಒಟ್ಟಿಗೇ ಬಂದು "ನಂದು ಮೊದ್ಲು, ನಂದು ಮೊದ್ಲು" ಅನ್ನುತ್ತಿರುತ್ತಾರೆ. ಮಧ್ಯಾಹ್ನ ಒಂದು ರೇಷ್ಮೆ ಬ್ಲೌಸಿಗೆ ತೋಳು ಕೂಡಿಸುತ್ತಿದ್ದೆ. ಹೊಟ್ಟೆ ತೊಳಸಿತು. ಗಿರಾಕಿಯ ರೇಷ್ಮೆ ಹಾಳಾಗಬಾರದು ಅಂತ ಮುಖ ಪಕ್ಕಕ್ಕೆ ತಿರುಗಿಸಿದೆ. ಬಂದದ್ದು ರಕ್ತ, ಬಾಯಿ ತುಂಬ ರಕ್ತ. ಬ್ಲೌಸಿಗೆ ಒಂದು ಹನಿಯೂ ತಾಗಲಿಲ್ಲ. ಆ ವಿಷಯದಲ್ಲಿ ನನಗೆ ಈಗಲೂ ಹೆಮ್ಮೆ ಇದೆ.

ಪೋರ್ಟಲ್ ಹೈಪರ್‌ಟೆನ್ಷನ್ ಅಂದರು. ಕರುಳಿನಿಂದ ಲಿವರಿಗೆ ರಕ್ತ ಒಯ್ಯುವ ದೊಡ್ಡ ನಾಳದಲ್ಲಿ ಒತ್ತಡ ಏರಿದೆ, ಅದಕ್ಕೆ ಅನ್ನನಾಳದ ರಕ್ತನಾಳಗಳು ಉಬ್ಬಿ ಒಡೆದಿವೆ ಅಂದರು. ಸಕ್ಕರೆ ಕಾಯಿಲೆಯೂ ಕೊಬ್ಬೂ ಸೇರಿಕೊಂಡು ಲಿವರನ್ನು ಒಳಗೊಳಗೇ ಕಲ್ಲು ಮಾಡಿದ್ದವು. ಬಾಯಿಯಿಂದ ಕ್ಯಾಮೆರಾ ಇಳಿಸಿ ಉಬ್ಬಿದ ಜಾಗಕ್ಕೆ ರಬ್ಬರ್ ಬ್ಯಾಂಡ್ ಬಿಗಿದರು. ಎದೆಬಡಿತ ತಗ್ಗಿಸುವ ಮಾತ್ರೆ ಕೊಟ್ಟರು. ಹೊಟ್ಟೆಯಲ್ಲಿ ನೀರು ತುಂಬುತ್ತಿದ್ದರಿಂದ ಉಪ್ಪು ಬಿಡಿಸಿದರು. ನನಗೆ ಈ ರಿಪೇರಿ ಕೆಲಸ ಸರಿಬರಲಿಲ್ಲ. "ಒಂದೇ ಸಲ ಆಪರೇಷನ್ ಮಾಡಿ ಮುಗಿಸ್ಬಿಡಿ ಸಾರ್" ಅಂದೆ. ಹಿರಿಯ ಡಾಕ್ಟರು ತಲೆಯಾಡಿಸಿದರು. "ನಿಮಗೆ ಆಪರೇಷನ್ ಬೇಡಮ್ಮ. ಲಾಭಕ್ಕಿಂತ ತೊಂದರೆ ಜಾಸ್ತಿ." ಆ ಮಾತನ್ನು ನಾನೂ ಕೇಳಿಸಿಕೊಂಡೆ, ಜೊತೆಗೆ ಬಂದಿದ್ದ ಅತ್ತೆಯೂ ಕೇಳಿಸಿಕೊಂಡರು. ಅತ್ತೆ ಒಂದು ಸಲ ಕೇಳಿಸಿಕೊಂಡದ್ದನ್ನು ಮರೆಯುವವರಲ್ಲ.

ದೊಡ್ಡವರ ಲಿವರ್ ಓಪಿಡಿಯಲ್ಲಿ ಕೂರುವುದೇ ಒಂದು ಶಿಕ್ಷೆ. ಅಲ್ಲಿ ಯಾರೂ ಯಾರ ಮುಖವನ್ನೂ ನೋಡುವುದಿಲ್ಲ. ಗಂಡಸರು ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ನೆಲ ನೋಡುತ್ತಾರೆ, ಹೆಂಡತಿಯರು ಗಂಡಂದಿರನ್ನು ನೋಡುತ್ತಾರೆ. ಪಕ್ಕದ ಹೆಂಗಸು "ನಿಮ್ಮ ಯಜಮಾನ್ರು ಒಳಗಿದಾರಾ?" ಅಂತ ಕೇಳಿದಳು. ಪೇಷಂಟು ನಾನೇ ಅಂದೆ. ಆಕೆ ಸ್ವಲ್ಪ ಸರಿದು ಕೂತಳು. ಮೊದಮೊದಲು ನನಗೆ ಅವಮಾನವಾಗುತ್ತಿತ್ತು, ಆಮೇಲೆ ಸಿಟ್ಟು ಬರತೊಡಗಿತು. ಕುಡಿದು ಕೆಡಿಸಿಕೊಂಡವನಿಗೂ ಭಯವಾಗುತ್ತದೆ, ಕುಡಿಯದೆ ಕೆಟ್ಟವಳಿಗೂ ಭಯವಾಗುತ್ತದೆ. ಇದರಲ್ಲಿ ಯಾರು ಯಾರಿಂದ ಸರಿದು ಕೂರಬೇಕು? ಮುಂದಿನ ಸಲದಿಂದ ನಾನು ಎಲ್ಲರ ನಡುವೆ ಕೂತು ಬ್ಯಾಗಿನಿಂದ ಬ್ಲೌಸು ತೆಗೆದು ಹುಕ್ಕು ಹಾಕಲು ಶುರು ಮಾಡಿದೆ. ಒಂದಿಬ್ಬರು ಹೆಂಗಸರು ಅಳತೆಯ ವಿಷಯ ಕೇಳಿದರು. ಮಾತು ಹಾಗೆ ಬೆಳೆಯಿತು.

ಇನ್ನು ಮನೆಯ ವಿಷಯ. ನಮ್ಮಲ್ಲಿ ಒಂದು ರೂಢಿಯಿದೆ. ಯಾರಿಗಾದರೂ ಅಮ್ಮ ಆದರೆ, ಮೈಮೇಲಿನ ಗುಳ್ಳೆ ಒಣಗುವ ತನಕ ಇಡೀ ಮನೆಗೆ ಒಗ್ಗರಣೆ ಇಲ್ಲ, ಮಾಂಸ ಇಲ್ಲ. ಮಲಗಿದವರು ಒಬ್ಬರು, ಪಥ್ಯ ಎಲ್ಲರಿಗೂ. ಅತ್ತೆ ಅದನ್ನೇ ನನ್ನ ಕಾಯಿಲೆಗೂ ಹಿಡಿದರು. "ಅವಳೊಬ್ಬಳು ಸಪ್ಪೆ ತಿನ್ತಾ ಕೂತಿದ್ರೆ ನಮಗೆ ಗಂಟಲಲ್ಲಿ ಇಳಿಯತ್ತಾ?" ಅಂತ ಉಪ್ಪಿನ ಡಬ್ಬಿಯನ್ನು ಅಟ್ಟದ ಮೇಲಿಟ್ಟರು. ಭಾನುವಾರದ ಮಟನ್ ನಿಂತಿತು, ಮೊಟ್ಟೆ ನಿಂತಿತು. ಡಾಕ್ಟರು ಅವೆರಡನ್ನು ಬಿಡಿ ಅಂತ ನನಗೂ ಹೇಳಿರಲಿಲ್ಲ; ಕೇಳುವವರು ಯಾರು? ಮುದ್ದೆ, ಸಪ್ಪೆ ಸಾರು, ಮತ್ತೆ ಮುದ್ದೆ. ನನ್ನ ಕಣ್ಣು ತುಂಬಿ ಬಂದಿತ್ತು, ಸುಳ್ಳು ಹೇಳುವುದಿಲ್ಲ. ನನಗಾಗಿ ಒಂದು ಮನೆ ಪೂರ್ತಿ ನಾಲಗೆ ಕಟ್ಟಿತ್ತು. ನಮ್ಮವರೂ ಮೈದುನನೂ ಬೆಳಗ್ಗೆ ದರ್ಶಿನಿಯಲ್ಲಿ ಖಾರಾಬಾತ್ ಹೊಡೆದು ಬಾಯಿ ಒರೆಸಿಕೊಂಡು ಬರುತ್ತಿದ್ದರು ಅನ್ನುವುದು ಬೇರೆ ಮಾತು. ಹರ್ಷಿತಾಳಿಗೆ ದರ್ಶಿನಿ ಇರಲಿಲ್ಲ.

ಒಂದು ಬೆಳಗ್ಗೆ, ಸ್ಕೂಲ್ ಯೂನಿಫಾರಂ ಹಾಕಿಕೊಂಡು ಜಡೆಗೆ ರಿಬ್ಬನ್ ಕಟ್ಟಿಸಿಕೊಳ್ಳುತ್ತಿದ್ದ ಹರ್ಷಿತಾ ರಕ್ತ ಕಾರಿದಳು. ಮೂರನೇ ಕ್ಲಾಸಿನ ಮಗು. ಅವಳ ಹೊಟ್ಟೆ ಎಡಗಡೆ ಸ್ವಲ್ಪ ಉಬ್ಬಿದೆ ಅಂತ ನಾವೆಲ್ಲ ಆಡಿಕೊಂಡು ನಗುತ್ತಿದ್ದೆವು; ಅದು ಊದಿದ ಗುಲ್ಮವಂತೆ, ಸ್ಪ್ಲೀನ್ ಅನ್ನುತ್ತಾರಲ್ಲ ಅದು. ಮಕ್ಕಳ ಆಸ್ಪತ್ರೆಯಲ್ಲಿ ಅವಳನ್ನು ಮಲಗಿಸಿ ನನಗೆ ಹಾಕಿದ ಹಾಗೇ ಬ್ಯಾಂಡ್ ಹಾಕಿದರು. ಹೆಸರೂ ಅದೇ ಹೇಳಿದರು. ಪೋರ್ಟಲ್ ಹೈಪರ್‌ಟೆನ್ಷನ್.

ನೆಂಟರು ಬಂದರು. ಒಬ್ಬಾಕೆ ಪವಿತ್ರಳನ್ನು ಪಕ್ಕಕ್ಕೆ ಕರೆದು ಹೇಳಿದ್ದು ನನ್ನ ಕಿವಿಗೂ ಬಿತ್ತು: "ದೊಡ್ಡಮ್ಮನ ಪಕ್ಕದಲ್ಲೇ ಮಲಗ್ತಿತ್ತಲ್ಲ ಮಗು, ಅಂಟ್ಕೊಂಡಿರತ್ತೆ." ಆ ಹೊತ್ತು ನಾನು ಸತ್ತೇ ಹೋಗಬಾರದಿತ್ತೇ ಅನ್ನಿಸಿತು. ಪವಿತ್ರ ನನ್ನ ಮುಖ ನೋಡಿದಳು. ಅವಳು ಹುಟ್ಟಾ ಮಾತು ಕಡಿಮೆಯವಳು.

ಆಸ್ಪತ್ರೆಯವರು ಎರಡು ವಾರ ಬಿಟ್ಟು ಬನ್ನಿ, ಇನ್ನೂ ಸ್ಕ್ಯಾನ್ ಆಗಬೇಕು ಅಂದಿದ್ದರು. ಅತ್ತೆಗೆ ಅದು ಬೇಡದ ಓಡಾಟವಾಗಿ ಕಂಡಿತು. ಇಬ್ಬರಿಗೂ ಒಂದೇ ಕಾಯಿಲೆ, ಇಬ್ಬರಿಗೂ ಒಬ್ಬರೇ ಡಾಕ್ಟರು, ಒಂದೇ ಆಟೋ. ಅವಳನ್ನು ನನ್ನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು. ಅವರು ಮಗುವಿನ ಹೊಟ್ಟೆ ಮುಟ್ಟಿ ನೋಡಿ, "ಇದು ಮಕ್ಕಳ ಡಾಕ್ಟರೇ ನೋಡ್ಬೇಕಾದ್ದು, ತಡ ಮಾಡ್ಬೇಡಿ" ಅಂದರು. ಅತ್ತೆ ಅದನ್ನು ಸಾಗಹಾಕುವ ಮಾತು ಅಂದುಕೊಂಡರು. ಎರಡು ವಾರ ಹೋಗಿ ಎರಡು ತಿಂಗಳಾಯಿತು. ಹರ್ಷಿತಾ ಸಪ್ಪೆ ಮುದ್ದೆ ಮುಂದೆ ಕೂತು ತಟ್ಟೆಯ ಅಂಚಿನಲ್ಲಿ ಬೆರಳಾಡಿಸುತ್ತಿದ್ದಳು. ಹಿಂದಿನ ವರ್ಷ ನಾನು ಹೊಲಿದ ಲಂಗ ಈ ವರ್ಷವೂ ಅವಳಿಗೆ ಸರಿಯಾಗಿ ಆಗುತ್ತಿತ್ತು. ಬೇರೆಯವರಿಗೆ ಅದು ಗೊತ್ತಾಗಲಿಲ್ಲ, ನನಗೆ ಗೊತ್ತಾಯಿತು.

ಹೀಗಿರುವಾಗ ಸ್ಕೂಲಿನಿಂದ ಫೋನ್ ಬಂತು. ಪ್ರೇಯರಿನಲ್ಲಿ ನಿಂತಿದ್ದ ಮಗು ಕಣ್ಣು ಕತ್ತಲೆ ಬಂದು ಕುಸಿದು ಬಿದ್ದಿದೆ ಅಂತ. ಸೀದಾ ಮಕ್ಕಳ ಆಸ್ಪತ್ರೆಗೇ ಓಡಿದೆವು. ಅಲ್ಲಿನ ಸರ್ಜನ್ ಮೇಡಂ ನಾಡಿ ಹಿಡಿದು ನೋಡಿ, "ಇವಳಿಗೆ ಏನು ಮಾತ್ರೆ ಕೊಡ್ತಿದೀರಾ?" ಅಂತ ಕೇಳಿದರು. ಏನೂ ಇಲ್ಲ ಅಂತ ಪವಿತ್ರ ಹೇಳುತ್ತಿದ್ದ ಹಾಗೇ ಅತ್ತೆ ಬಾಯಿಬಿಟ್ಟರು. ನನ್ನ ಮಾತ್ರೆಯನ್ನು ದಿನಾ ತರಕಾರಿ ಚಾಕುವಿನಲ್ಲಿ ಎರಡು ಹೋಳು ಮಾಡಿ ಮಗುವಿಗೆ ನುಂಗಿಸುತ್ತಿದ್ದರಂತೆ.

"ದೊಡ್ಡವರಿಗೆ ಒಂದು, ಮಕ್ಕಳಿಗೆ ಅರ್ಧ. ಜ್ವರಕ್ಕೆ ಹಾಗೇ ಅಲ್ವಾ ಕೊಡೋದು?" ಅಂದರು ಅತ್ತೆ.

ಮನೆಯವರೆಲ್ಲ ಸಪ್ಪೆ ಉಣ್ಣುತ್ತಿರುವುದನ್ನೂ ಪವಿತ್ರ ಹೇಳಿದಳು. ಮೇಡಂ ಕೂಗಾಡಬಹುದಿತ್ತು, ಕೂಗಾಡಲಿಲ್ಲ. ಕುರ್ಚಿ ಎಳೆದುಕೊಂಡು ಅತ್ತೆಯ ಎದುರಿಗೆ ಕೂತರು. "ಅಜ್ಜಿ, ಮಕ್ಕಳು ಅಂದ್ರೆ ಅರ್ಧ ದೊಡ್ಡವರಲ್ಲ. ಅವರ ಹೃದಯ ಬೇರೆ ಥರ ಕೆಲ್ಸ ಮಾಡತ್ತೆ. ಈ ಮಾತ್ರೆ ಇನ್ಮೇಲೆ ಬೇಡ. ಉಪ್ಪು ಯಾಕೆ ನಿಲ್ಲಿಸಿದ್ರಿ? ಇವಳ ಹೊಟ್ಟೇಲಿ ನೀರಿಲ್ಲ. ಲಿವರ್ ಚೆನ್ನಾಗೇ ಇದೆ. ಊಟ ಹಾಕಿ ಮೊದ್ಲು, ಮೊಟ್ಟೆ ಹಾಕಿ, ಈ ಮಗು ಬೆಳೀಬೇಕು."

ಅಮ್ಮನ ಅಳತೆಯನ್ನು ಅರ್ಧ ಮಾಡಿದರೆ ಮಗಳ ಲಂಗ ಆಗುವುದಿಲ್ಲ, ಅದು ನನ್ನ ಕಸುಬಿನ ಮೊದಲ ಪಾಠ. ಮಗುವಿನ ಬಟ್ಟೆಯೊಳಗೆ ಒಂದಷ್ಟು ಮಡಿಚಿ ಬಿಡುತ್ತೇವೆ, ಬೆಳೆದ ಹಾಗೆ ಬಿಚ್ಚಲಿಕ್ಕೆ. ನಮ್ಮ ಮನೆಯಲ್ಲಿ ಆ ಮಗುವಿಗೆ ಬೆಳೆಯುವ ಜಾಗವನ್ನೇ ನಾವು ಬಿಟ್ಟಿರಲಿಲ್ಲ. ಪಥ್ಯ ನನ್ನದು, ಮಾತ್ರೆ ನನ್ನದು, ಸೊರಗಿದವಳು ಅವಳು.

ಸ್ಕ್ಯಾನ್ ಆಯಿತು. ಲಿವರಿಗೆ ಹೋಗುವ ನಾಳ ದಾರಿಯಲ್ಲೇ ಮುಚ್ಚಿಹೋಗಿದೆ, ಹುಟ್ಟಿದ ಹೊಸದರಲ್ಲಿ ಏನೋ ಸೋಂಕಾಗಿ ಆಗಿರಬಹುದು, ಕಾರಣ ಖಚಿತವಾಗಿ ಹೇಳಲಾಗುವುದಿಲ್ಲ ಅಂದರು. ಅಂಟುವ ಕಾಯಿಲೆಯಲ್ಲ ಅಂತ ನಾನು ಎರಡು ಸಲ ಕೇಳಿ ಹೇಳಿಸಿದೆ, ಪವಿತ್ರಳ ಎದುರಿಗೇ. ಲಿವರಿನ ಒಳಗಿನ ಕವಲು ತೆರೆದಿದೆಯಂತೆ. ಕುತ್ತಿಗೆಯಿಂದ ಒಂದು ತುಂಡು ರಕ್ತನಾಳ ತೆಗೆದು ಮುಚ್ಚಿದ ಜಾಗವನ್ನು ದಾಟಿಸಿ ಜೋಡಿಸಿದರೆ ರಕ್ತ ಮತ್ತೆ ಲಿವರಿಗೇ ಹರಿಯುತ್ತದೆ, ಚೆನ್ನಾಗಿ ಕೂಡಿಬಂದರೆ ಮಗು ಎಲ್ಲ ಮಕ್ಕಳ ಹಾಗೆ ಇರಬಹುದು ಅಂದರು. "ಎಲ್ಲರಿಗೂ ಇದನ್ನ ಮಾಡಕ್ಕಾಗಲ್ಲ. ಇವಳಿಗೆ ಆಗತ್ತೆ. ಕಾಯೋದ್ರಿಂದ ಏನೂ ಲಾಭ ಇಲ್ಲ" ಅಂತ ಮೇಡಂ ಪವಿತ್ರಳನ್ನೇ ನೋಡಿ ಹೇಳಿದರು.

ಆ ದಿನ ನನಗೆ ಹೊಟ್ಟೆಕಿಚ್ಚೂ ಆಯಿತು. ಮೂರನೇ ಕ್ಲಾಸಿನ ಮಗುವಿನ ಮೇಲೆ. ಅವಳಿಗೊಂದು ಬಾಗಿಲಿತ್ತು, ನನಗಿರಲಿಲ್ಲ. ಬಾತ್‌ರೂಮಿಗೆ ಹೋಗಿ ಅತ್ತು ಮುಖ ತೊಳೆದು ಬಂದೆ.

ಮನೆಯಲ್ಲಿ ಅತ್ತೆಯದು ಒಂದೇ ಹಟ. "ರತ್ನಂಗೆ ಅಷ್ಟು ದೊಡ್ಡ ಡಾಕ್ಟ್ರೇ ಆಪರೇಷನ್ ಬೇಡ ಅಂದ್ರು. ಗಟ್ಟಿಮುಟ್ಟಾಗಿರೋ ಹೆಂಗಸಿಗೇ ಬೇಡ ಅಂದ್ಮೇಲೆ ಹಿಡಿ ಇರೋ ಮಗೂಗೆ ಮಾಡಿಸ್ತೀರಾ? ಅದೂ ಕುತ್ತಿಗೆ ಕುಯ್ದು! ಹೆಣ್ಣು ಮಗು, ಕುತ್ತಿಗೆ ಮೇಲೆ ಕಲೆ ಇದ್ರೆ ನಾಳೆ ಏನು ಗತಿ?"

"ಕಲೆ ಇಲ್ಲದ ಕುತ್ತಿಗೇಲಿ ಜೀವ ಇರ್ಬೇಕಲ್ಲ ಅತ್ತೆ" ಅಂದೆ. ಮೈದುನ ನೆಲ ನೋಡಿದ. ನಮ್ಮವರು ಟೀವಿ ನೋಡಿದರು. ಅಮ್ಮನ ಎದುರು ಗಂಡು ಮಕ್ಕಳಿಬ್ಬರ ನಾಲಗೆಗೂ ಬೀಗ. ಪವಿತ್ರ ಒಳಗೆ ಹೋದಳು. ವಾರವೆಲ್ಲ ಹೀಗೇ ನಡೆಯಿತು, ಮತ್ತೊಂದು ವಾರವೂ ನಡೆಯಿತು. ಉಪ್ಪಿನ ಡಬ್ಬಿ ಅಟ್ಟದಿಂದ ಇಳಿಯಲೇ ಇಲ್ಲ. ಈ ಮಗುವನ್ನು ನನ್ನ ನೆರಳಲ್ಲಿಟ್ಟು ಕೊಲ್ಲುತ್ತಾರೆ ಅನ್ನಿಸಿಬಿಟ್ಟಿತು.

ಭಾನುವಾರ ಬೆಳಗ್ಗೆ ಅಂಗಡಿಯಲ್ಲಿ ಟೀ ಕಾಯಿಸಲು ಇಟ್ಟುಕೊಂಡಿದ್ದ ಒಂಟಿ ಒಲೆಯನ್ನು ಆಟೋದಲ್ಲಿ ಹಾಕಿಕೊಂಡು ಮನೆಗೆ ತಂದೆ. ಹಿತ್ತಲ ವರಾಂಡದಲ್ಲಿ ಹೂಡಿದೆ. ಪುಟ್ಟ ಕುಕ್ಕರಿನಲ್ಲಿ ನನ್ನ ಪಾಲಿನ ಅಕ್ಕಿ, ಬೇಳೆ ಇಟ್ಟೆ. ಆಮೇಲೆ ಅಡುಗೆಮನೆಗೆ ಹೋಗಿ ಸ್ಟೂಲ್ ಹತ್ತಿ ಉಪ್ಪಿನ ಡಬ್ಬಿ ಇಳಿಸಿ, ಕುದಿಯುತ್ತಿದ್ದ ಬಸ್ಸಾರಿಗೆ ಒಂದು ಹಿಡಿ ಉಪ್ಪು ಸುರಿದೆ.

"ಏನೇ ಇದು?" ಅಂದರು ಅತ್ತೆ.

"ಇವತ್ತಿಂದ ನನ್ನ ಒಲೆ ಬೇರೆ."

ಒಟ್ಟು ಕುಟುಂಬದಲ್ಲಿ ಈ ಮಾತಿನ ಅರ್ಥ ಗೊತ್ತಿದ್ದವರಿಗೆ ಗೊತ್ತು. ಒಲೆ ಬೇರೆಯಾದರೆ ಮನೆ ಒಡೆಯಿತು ಅಂತಲೇ ಲೆಕ್ಕ. ಅತ್ತೆ ನಾನು ಮುಖಕ್ಕೆ ಹೊಡೆದೆನೋ ಅನ್ನುವ ಹಾಗೆ ಹಿಂದೆ ಸರಿದರು. ನಾನು ನಿಲ್ಲಲಿಲ್ಲ. "ನನ್ನ ಪಥ್ಯ ನಾನು ತಿನ್ತೀನಿ. ನನ್ನ ಮಾತ್ರೆ ನಾನು ನುಂಗ್ತೀನಿ. ಡಾಕ್ಟ್ರು ಬೇಡ ಅಂದಿದ್ದು ನನ್ನ ಮೈಗೆ, ಅವಳ ಮೈಗಲ್ಲ. ನನ್ನ ಕಾಯಿಲೇನ ಆ ಮಗು ತಲೆಗೆ ಕಟ್ಬೇಡಿ" ಅಂತ ಕೂಗಿದೆ. ಕೂಗಿದ ರಭಸಕ್ಕೆ ಮಹಡಿಯ ಬಾಡಿಗೆಯವರು ಕಿಟಕಿ ಮುಚ್ಚಿದರು. ಆ ದಿನದ ಸಾರು ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಎಲ್ಲರೂ ಮುಖ ಹಿಂಡಿಕೊಂಡು ಉಂಡರು. ಹರ್ಷಿತಾ ಮಾತ್ರ ಎರಡು ಸಲ ಹಾಕಿಸಿಕೊಂಡಳು.

ಸುದ್ದಿ ಉತ್ತರಹಳ್ಳಿ ತನಕ ಹೋಯಿತು. ಭಾಗ ಆಯ್ತಂತೆ, ಹೌದಾ ಅಂತ ಫೋನುಗಳು ಬಂದವು. ಅತ್ತೆ ನನ್ನ ಜೊತೆ ಮಾತು ಬಿಟ್ಟರು. ಒಂದು ಮಧ್ಯಾಹ್ನ ಪವಿತ್ರ ನನ್ನ ವರಾಂಡದ ಒಲೆಯ ಹತ್ತಿರ ಬಂದು ಕುಕ್ಕರುಗಾಲಲ್ಲಿ ಕೂತಳು. "ಅಕ್ಕಾ, ನಿಮಗೆ ಯಾಕೆ ಬೇಡ ಅಂದ್ರು ಅಂತ ನಾವ್ಯಾರೂ ಕೇಳ್ಲೇ ಇಲ್ಲ ಅಲ್ವಾ?" ಅಂದಳು. ನಾನೂ ಕೇಳಿರಲಿಲ್ಲ. ಬೇಡ ಅಂದದ್ದಕ್ಕೇ ಕುಸಿದು ಕೂತಿದ್ದೆ.

ನನ್ನ ಮುಂದಿನ ಸರದಿಗೆ ಪವಿತ್ರ, ಅತ್ತೆ ಇಬ್ಬರನ್ನೂ ಕರೆದುಕೊಂಡು ಹೋದೆ. ಅತ್ತೆ ಮಾತಾಡದೆಯೇ ಬಂದರು. ಹರ್ಷಿತಾಳ ಸ್ಕ್ಯಾನ್ ರಿಪೋರ್ಟನ್ನು ಪವಿತ್ರ ಡಾಕ್ಟರ ಮೇಜಿನ ಮೇಲಿಟ್ಟಳು. ಬೆಂಗಳೂರಿನ ಡಾಕ್ಟರುಗಳಿಗೆ ಏನು ವಿವರಿಸಲೂ ಟ್ರಾಫಿಕ್ಕೇ ಬೇಕು. "ಲಿವರ್ ಸಿಲ್ಕ್ ಬೋರ್ಡ್ ಜಂಕ್ಷನ್ ಅಂದ್ಕೊಳ್ಳಿ" ಅಂತ ಶುರು ಮಾಡಿದರು ನನ್ನ ಡಾಕ್ಟರು. "ಇವರಿಗೆ ಜಂಕ್ಷನ್ನೇ ಹಾಳಾಗಿದೆ. ಆಪರೇಷನ್ ಮಾಡಿ ರಕ್ತನ ಬೇರೆ ಕಡೆ ತಿರುಗಿಸಿದ್ರೆ, ಲಿವರ್ ತೊಳೀಬೇಕಾದ ಕೊಳೆ ಸೀದಾ ತಲೆಗೆ ಹೋಗತ್ತೆ, ಮಂಕು ಕವಿಯತ್ತೆ. ಅದಕ್ಕೇ ಬ್ಯಾಂಡು, ಮಾತ್ರೆ. ಮಗೂಗೆ ಜಂಕ್ಷನ್ ಸಖತ್ತಾಗಿದೆ, ಅಲ್ಲಿಗೆ ಹೋಗೋ ರಸ್ತೆ ಮುಚ್ಚಿದೆ. ಅವರು ರಕ್ತನ ಎಲ್ಲೂ ತಿರುಗಿಸ್ತಿಲ್ಲ, ಲಿವರ್‌ಗೇ ಹೊಸ ರಸ್ತೆ ಹಾಕ್ತಿದಾರೆ. ನನ್ನ ಮೊಮ್ಮಗಳಾಗಿದ್ರೆ ಇಷ್ಟೊತ್ತಿಗೆ ಮಾಡಿಸಿರ್ತಿದ್ದೆ."

ವಾಪಸು ಬರುವಾಗ ಆಟೋದಲ್ಲಿ ಅತ್ತೆ ಬಹಳ ದಿನಗಳ ಮೇಲೆ ನನ್ನ ಹತ್ತಿರ ಬಾಯಿಬಿಟ್ಟರು. "ಅವಳು ವಾಸಿಯಾಗ್ಬಿಟ್ರೆ ನೀನೊಬ್ಬಳೇ ಉಳ್ಕೋತೀಯಲ್ಲೇ" ಅಂದರು.

ಇಷ್ಟು ದಿನ ಅವರ ಹಟದ ಒಳಗೆ ಇದ್ದದ್ದು ಇದು. ಒಬ್ಬಳನ್ನು ಈಚೆ ಬಿಟ್ಟು ಇನ್ನೊಬ್ಬಳನ್ನು ದಾಟಿಸಲು ಅವರಿಗೆ ಮನಸ್ಸು ಬಂದಿರಲಿಲ್ಲ. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಇಳಿದುಹೋಯಿತು, ಆದರೂ ಪಟ್ಟು ಬಿಡಲಿಲ್ಲ. "ಉಳ್ಕೋತೀನಿ ಬಿಡಿ. ಈ ಕಾಯಿಲೇಲಿ ನಂಗೆ ಅವಳ ಜೊತೆ ಬೇಡ" ಅಂದೆ. ಪವಿತ್ರ ಅಲ್ಲೇ ಫೋನ್ ತೆಗೆದು ಮಕ್ಕಳ ಆಸ್ಪತ್ರೆಗೆ ಮಾಡಿದಳು. ಗಂಡನನ್ನೂ ಕೇಳಲಿಲ್ಲ.

ಆಪರೇಷನ್ನಿನ ದಿನ ನಾವು ಕಾದ ಕೋಣೆಯ ಗೋಡೆಯ ತುಂಬ ಆನೆ, ಜಿರಾಫೆಗಳಿದ್ದವು. ದೊಡ್ಡವರ ಓಪಿಡಿಗಿಂತ ಅಲ್ಲಿ ಗಲಾಟೆ ಜಾಸ್ತಿ. ಬೇರೆ ತಾಯಂದಿರು ಚಪಾತಿ ಹಂಚಿದರು, ಯಾರಿಗೆ ಏನು ಕಾಯಿಲೆ ಅಂತ ಮುಚ್ಚುಮರೆಯಿಲ್ಲದೆ ಹೇಳಿಕೊಂಡರು. ಯಾರೂ ಯಾರಿಂದಲೂ ಸರಿದು ಕೂರಲಿಲ್ಲ. ಒಳಗೆ ಕರೆದುಕೊಂಡು ಹೋಗುವಾಗ ಸಿಸ್ಟರೊಬ್ಬರು ಹರ್ಷಿತಾಳ ರಿಬ್ಬನ್ ಬಿಚ್ಚಿ ಅವಳ ಕೈಗೇ ಸುತ್ತಿ, "ಇದು ನಿನ್ ಹತ್ರಾನೇ ಇರ್ಲಿ" ಅಂದರು. ಅಷ್ಟಕ್ಕೇ ಅವಳು ಅಳು ನಿಲ್ಲಿಸಿದಳು. ಆ ಸಿಸ್ಟರನ್ನು ನಾನು ಮರೆಯುವುದಿಲ್ಲ. ಸಂಜೆಯ ಹೊತ್ತಿಗೆ ಮೇಡಂ ಹೊರಗೆ ಬಂದು ಟೋಪಿ ತೆಗೆದು ನಕ್ಕಾಗ ಅತ್ತೆ ಅವರ ಎರಡೂ ಕೈ ಹಿಡಿದುಕೊಂಡು ಬಿಡಲೇ ಇಲ್ಲ.

ನನ್ನ ಕಥೆ ಹಾಗೇ ಇದೆ. ಕೆಲವು ತಿಂಗಳಿಗೊಮ್ಮೆ ಕ್ಯಾಮೆರಾ ನುಂಗುತ್ತೇನೆ, ಬೇಕಾದರೆ ಬ್ಯಾಂಡ್ ಹಾಕುತ್ತಾರೆ. ಲಿವರ್ ಬದಲಾಯಿಸುವ ಮಾತು ಮುಂದೊಂದು ದಿನ ಬರಬಹುದು, ಬಂದಾಗ ನೋಡಿಕೊಳ್ಳೋಣ. ಅಂಗಡಿ ಮುಚ್ಚಿಲ್ಲ, ಹಬ್ಬದ ಆರ್ಡರು ಬಿಟ್ಟಿಲ್ಲ. ಲಿವರ್ ಓಪಿಡಿಯಲ್ಲಿ ನೆಲ ನೋಡುತ್ತಾ ಕೂತಿರುವ ಯಾರಾದರೂ ಇದನ್ನು ಓದುತ್ತಿದ್ದರೆ ತಲೆಯೆತ್ತಿ ಅಂತ ಹೇಳಬೇಕು. ನಾಚಿಕೆ ಪಡುವಂಥದ್ದು ನಾವೇನೂ ಮಾಡಿಲ್ಲ. ನಿಮಗೆ ಬೇಡ ಅಂದದ್ದು ಯಾಕೆ ಅಂತ ಕೇಳಿ. ಬೇಕು ಅಂದದ್ದನ್ನೂ ಯಾಕೆ ಅಂತ ಕೇಳಿ.

ಮೊನ್ನೆ ಹರ್ಷಿತಾಳ ಸ್ಕ್ಯಾನಿಗೆ ನಾನೂ ಹೋಗಿದ್ದೆ. ಆಪರೇಷನ್ ಆಗಿ ತಿಂಗಳುಗಳೇ ಕಳೆದಿವೆ, ಗುಲ್ಮದ ಊತ ಇಳಿದಿದೆ, ಓಡಬಹುದು, ಆಡಬಹುದು ಅಂತ ಮೇಡಂ ಹೇಳಿಯಾಗಿದೆ. ಸ್ಕ್ಯಾನ್ ಮಾಡುವವರು ಯಾವುದೋ ಬಟನ್ ಒತ್ತಿದರು, ಕೋಣೆಯ ತುಂಬ ಸುಯ್ ಸುಯ್ ಅಂತ ಸದ್ದು. "ಏನಿದು?" ಅಂದಳು ಹರ್ಷಿತಾ. "ನಿನ್ನ ರಕ್ತ, ಲಿವರ್‌ಗೆ ಹೋಗ್ತಿದೆ" ಅಂದರು. ಪವಿತ್ರ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

"ದೊಡ್ಡಮ್ಮಾ, ನೀವೂ ಇದನ್ನೇ ಹಾಕಿಸ್ಕೊಳ್ಳಿ" ಅಂದಳು ಹರ್ಷಿತಾ, ಮಲಗಿದಲ್ಲಿಂದಲೇ.

"ನಂದು ಬೇರೆ ಕಣೇ."

"ಮತ್ತೆ ನಿಮ್ಮದು ಯಾವಾಗ ವಾಸಿಯಾಗತ್ತೆ?"

ಪವಿತ್ರ ಮುಖ ಆಚೆ ತಿರುಗಿಸಿದಳು. ನಾನು ಮಗುವಿಗೆ ಸುಳ್ಳು ಹೇಳಲಿಲ್ಲ. "ಪೂರ್ತಿ ವಾಸಿಯಾಗಲ್ಲ. ಆದ್ರೂ ನಾನಿದೀನಲ್ಲ. ಸೋಮವಾರ ನಂದು ಕ್ಯಾಮೆರಾ ಇದೆ, ಜೊತೆಗೆ ಬರ್ತೀಯಾ?"

ಅವಳು ಸ್ವಲ್ಪ ಯೋಚಿಸಿದಳು. "ಸೋಮವಾರ ಆಗಲ್ಲ. ನಮ್ಮ ಕ್ಲಾಸಿಗೂ ಬಿ ಸೆಕ್ಷನ್‌ಗೂ ಖೋಖೋ ಇದೆ" ಅಂದಳು.

ಸೋಮವಾರ ನಾನೊಬ್ಬಳೇ ಬಸ್ಸು ಹತ್ತಿ ಹೋಗಿ ಬಂದೆ.